ಬೋರ್ಡಿನ ಮೇಲಿನ ಅಕ್ಷರ

ನರ್ಸಿಂಗ್ ಕಾಲೇಜಿನಲ್ಲಿ ಕಸ ಗುಡಿಸುವ ಶಾವಂತ್ರವ್ವ ಬೋರ್ಡು ಒರೆಸಲು ಹೋಗಿ ಕೈ ತಡೆದಳು. ಆ ಇಂಗ್ಲಿಷ್ ಅಕ್ಷರಗಳನ್ನು ಅವಳು ತನ್ನ ಟ್ರಂಕಿನ ಹಳೇ ಆಸ್ಪತ್ರೆ ಕಾಗದದಲ್ಲಿ ಕಂಡಿದ್ದಳು.

"ಅಕ್ಕೋರ, ಇದೇನ್ರೀ?"

ಪಾಠ ಮುಗಿಸಿದ್ದ ಅಕ್ಕೋರು ನಕ್ಕರು. "ಹಿಸ್ಟರ್. ಗ್ರೀಕರ ಮಾತು, ಗರ್ಭಚೀಲ ಅಂತ ಅರ್ಥ. ಪದದ ಮುಂದ ಇದು ಬಂದ್ರ ಗರ್ಭಚೀಲದ ಸುದ್ದಿ ಅಂತ ತಿಳೀಬೇಕು."

ಮರುದಿನ ಅವಳು ಕಾಗದ ತಂದಳು. "ನಂದು ಅಪೆಂಡಿಕ್ಸ್ ಆಪರೇಷನ್ ರೀ. ಆಮ್ಯಾಲ ಮುಟ್ಟು ನಿಂತಿತು, ಔಷಧದ ಉಷ್ಣ ಅಂದ್ರು. ಆಗ ಗಂಡನ ಜೋಡಿ ಕಬ್ಬು ಕಡಿಯೂ ಕೂಲಿಗಿ ಹೋಗ್ತಿದ್ದೆ; ಮುಟ್ಟಿನ ರಜಾ ಇಲ್ದಂಗಾಗಿ ಕೂಲಿ ಒಂದಿನಾನೂ ತಪ್ಪಲಿಲ್ಲ."

ಅಕ್ಕೋರು ಓದಿದರು. ನಗು ಆರಿತು. "ಗರ್ಭಚೀಲಾನ ತಗದಾರವ್ವ. ಯಾರು ಒಪ್ಪಿಗಿ ಕೊಟ್ರು?"

ಕಾಗದದ ಬುಡದ ಸಹಿ ಗುರುತಿಸಲು ಶಾವಂತ್ರವ್ವನಿಗೆ ಓದು ಬೇಕಿರಲಿಲ್ಲ. ಬಂಜೆಯೆಂದು ಬರೆಸಿ ಅವಳನ್ನು ಬಿಟ್ಟ ಸೋಡಚೀಟಿಯ ಮೇಲೆ ಗಂಡ ಹಾಕಿದ್ದೂ ಇದೇ ಸಹಿ.