ಶಿಖರದ ಮೇಲಿನ ಫೋಟೊ

ದಾವಣಗೆರೆಯ ಚಾರಣ ಸಂಘ ಹಿಮಾಲಯದ ಆ ಬಿಸಿನೀರಿನ ಬುಗ್ಗೆಗಳ ಊರಿಗೆ ಬಂದದ್ದೇ ಅಧ್ಯಕ್ಷರನ್ನು ಆರಿಸಲು. ಎದುರಿನ ಶಿಖರದ ಮೇಲೆ ನಿಂತ ಫೋಟೊ ತಂದವರಿಗೆ ಕುರ್ಚಿ. ಕಣದಲ್ಲಿದ್ದವರು ಹಾಲಸ್ವಾಮಿ ಮತ್ತು ತಿಪ್ಪೇಶಿ. ಉಳಿದವರಿಗೆಲ್ಲ ಬುಗ್ಗೆಯಲ್ಲಿ ಮೊಟ್ಟೆ ಬೇಯಿಸಿಕೊಂಡು ತಿನ್ನುವುದೇ ಪ್ರಕೃತಿಪ್ರೇಮವಾಗಿತ್ತು.

ತಿಪ್ಪೇಶಿ ಕೆಂಪು ಜಾಕೆಟ್ಟು ತೊಟ್ಟು, ತನ್ನ ಗೈಡಿನ ಜೊತೆ ಇನ್ನೊಂದು ಮಗ್ಗುಲಿನಿಂದ ಹತ್ತಲು ಹೊರಟ. ಹಾಲಸ್ವಾಮಿ ಮೊದಲ ತಿರುವಿನವರೆಗೆ ವೀರನಂತೆ ನಡೆದ. ಅಲ್ಲಿ ಮಂಡಿ ಹಿಡಿಯಿತು. ಜಾಕೆಟ್ಟು, ಟೋಪಿ, ಮೊಬೈಲು ಎಲ್ಲವನ್ನೂ ತನ್ನ ಗೈಡಿಗೆ ಕೊಟ್ಟ.

"ಮೇಲೆ ಬೆನ್ನು ಹಾಕಿ ನಿಂತು ಒಂದು ಫೋಟೊ ತೆಗೆಸ್ಕೊಂಡು ಬಾ. ಮುಖ ಕಾಣಬಾರ್ದು ನೋಡು."

ಆಮೇಲೆ ಬಂಡೆಯ ಮರೆಯ ಬುಗ್ಗೆಯಲ್ಲಿ ಕುತ್ತಿಗೆಯವರೆಗೆ ಇಳಿದು ಕುಳಿತ. ಸುಖ ಹತ್ತುವ ಹೊತ್ತಿಗೆ ಹೊಳೆಯಿತು: ತಿಪ್ಪೇಶಿ ಮೇಲೆಯೇ ಇದ್ದರೆ? ಬಿಸಿನೀರಿನಲ್ಲೇ ಅವನ ಮೈ ತಣ್ಣಗಾಯಿತು.

ಸಂಜೆ ಗೈಡ್ ಇಳಿದು ಬಂದ. ಫೋಟೊ ಭರ್ಜರಿಯಾಗಿತ್ತು.

"ಯಾರು ತೆಗೆದದ್ದು ಇದನ್ನ?"

"ಕೆಂಪು ಜಾಕೆಟ್ಟು ಹಾಕಿದ್ದವನು, ಸಾಹೇಬ್ರೆ."

ಅಧ್ಯಕ್ಷಗಿರಿಯೂ ಹೋಯಿತು, ಮರ್ಯಾದೆಯೂ ಹೋಯಿತು.

"ನಿನ್ನ ಮುಖ ನೋಡಿದ್ನೇನು?"

"ನೋಡದೆ ಇರ್ತಾನಾ? ತಬ್ಬಿಕೊಂಡು ನಕ್ಕಿದ್ದೇ ನಕ್ಕಿದ್ದು."

"ಊರಿಗೆಲ್ಲ ಡಂಗುರ ಹೊಡೀತಾನೆ ಹಲ್ಕಟ್ ನನ್ಮಗ! ಏನಂದ, ಬೊಗಳೋ?"

"ಆ ಸಾಹೇಬ್ರ ಗೈಡು ನನ್ನ ತಮ್ಮನೇ, ಅವನೇನಂತಾನೆ, ಸಾಹೇಬ್ರೆ? 'ನಮ್ಮ ಸಾಹೇಬ್ರ ಜಾಕೆಟ್ಟು ದೊಗಳೆ ಕಣಣ್ಣಾ, ನಿನ್ನದೇ ವಾಸಿ' ಅಂದ."