ಹೂಲಿ ಕ್ರಾಸಿನಲ್ಲಿ ಗುದ್ದಿದ ಗಾಡಿ

"ಈ ರಸ್ತೆ ಏನ್ ಗಾಡಿನ್ಯಾರ ಅಪ್ಪಂದೇನು?"

ಚನ್ನವ್ವ ಕೇಳಿದ್ದು ಯಾರನ್ನೂ ಅಲ್ಲ. ಅವಳ ಮೊಣಕೈ ಸವರಿಕೊಂಡು ಹೋದ ಕಾರು ಆಗಲೇ ಸವದತ್ತಿ ಬಸ್ ಸ್ಟ್ಯಾಂಡಿನ ಕಡೆ ತಿರುಗಿಬಿಟ್ಟಿತ್ತು. ಅವಳು ತಳ್ಳುತ್ತಿದ್ದ ಸೈಕಲ್ಲಿನ ಹಿಂದಿನ ಗಾಲಿ ಸೊಟ್ಟಗಾಗಿ, ಸುತ್ತು ಸುತ್ತಿಗೂ ತಿಕ್ಕಿ ಕಿರುಗುಟ್ಟುತ್ತಿತ್ತು.

ಸೈಕಲ್ಲು ಮಗಳು ಸಪ್ನಾಳದು. ಮೂರು ದಿನದ ಹಿಂದೆ, ಶಾಲೆ ಬಿಟ್ಟು ಹೂಲಿಯ ಮನೆಗೆ ಹೊರಟವಳನ್ನು ಕ್ರಾಸಿನಲ್ಲಿ ಯಾವುದೋ ಗಾಡಿ ಹಿಂದಿನಿಂದ ಗುದ್ದಿ, ನಿಲ್ಲದೆ ಹೋಗಿತ್ತು. ಕಾಲಿನ ಎಲುಬು ಎರಡು ಕಡೆ ಮುರಿದಿತ್ತು. ಹತ್ತನೆಯ ತರಗತಿಯ ಪರೀಕ್ಷೆಗೆ ಉಳಿದದ್ದು ಆರು ವಾರ. ಚೆಲ್ಲಿದ ಪುಸ್ತಕ, ದನಕ್ಕೆಂದು ಸೈಕಲ್ಲಿಗೆ ಕಟ್ಟಿಕೊಂಡಿದ್ದ ಹುಲ್ಲಿನ ಹೊರೆ ಎಲ್ಲವನ್ನೂ ಮರುದಿನ ನಸುಕಿನಲ್ಲಿ ಚನ್ನವ್ವನೇ ಗಟಾರದಿಂದ ಎತ್ತಿ ತಂದಿದ್ದಳು.

ಠಾಣೆಯಲ್ಲಿ ಕೇಳಿದ್ದು ಒಂದೇ: ಗಾಡಿ ಯಾವುದು?

"ಹಿಂದಿನ ಗ್ಲಾಸಿನ ಮ್ಯಾಲೆ ಯಲ್ಲಮ್ಮ ಪ್ರಸನ್ನ ಅಂತ ಇತ್ತಂತ್ರಿ ಸಾಹೇಬ್ರ."

"ಯವ್ವಾ, ಈ ತಾಲೂಕಿನ್ಯಾಗ ಅದು ಇಲ್ಲದ ಗಾಡಿ ಇದ್ರ ಹೇಳು. ಅದು ಇಲ್ಲದ್ದನ್ನ ಹುಡುಕೂದು ಸಸಾರ."

ಅಲ್ಲಿದ್ದವರೆಲ್ಲ ನಕ್ಕಿದ್ದರು. ಮಠದಲ್ಲಿ ಓದುವ ಪುರಾಣದ ಪದಗಳನ್ನು ಬಾಯಿಪಾಠ ಹೇಳುತ್ತಿದ್ದ ಬಾಯಿ ಅವಳದು. ಅಂದಿನಿಂದ ಆ ಬಾಯಿಗೆ ಬರುತ್ತಿದ್ದುದು ಶಾಪ ಮಾತ್ರ.

ಈಗ ಸೈಕಲ್ ತಳ್ಳುತ್ತಿದ್ದವಳ ಬದಿಯಲ್ಲಿ ಒಂದು ಕ್ರೂಸರ್ ನಿಂತಿತು. ತೊಳೆದು ಒರೆಸಿದ ಗಾಡಿ. ಎಡಗಡೆಯ ದೀಪದ ಗಾಜು ಫಳಫಳ ಹೊಳೆಯುತ್ತಿತ್ತು. ಇಳಿದವನು ಮಾಂತೇಶ. ಯಲ್ಲಮ್ಮನ ಗುಡ್ಡಕ್ಕೆ ಭಕ್ತರನ್ನು ಕರೆದೊಯ್ಯುವ ಡ್ರೈವರ್.

"ಸೈಕಲ್ ಮ್ಯಾಲೆ ಏರಸ್ತೇನಿ, ಬರ್ರಿ ಅಕ್ಕಾರ. ಸುದ್ದಿ ಕೇಳೇನಿ. ನಾನೂ ಡ್ರೈವರ್ ಅದೇನಿ, ಖರೆ. ಆದ್ರ ಅಂಥಾ ಹರಾಮಖೋರನ್ನ ಹುಡುಕಾಕ ನಿಮ್ಮ ಜೋಡಿ ನಾ ಬರ್ತೇನಿ."

"ನಿನಗ ಪುಣ್ಯಾ ಬರ್ಲಿ ತಮ್ಮಾ."

ಸೈಕಲ್ಲನ್ನು ರಿಪೇರಿ ಅಂಗಡಿಗೆ ಮುಟ್ಟಿಸಿ ಅವನು ಹೋದ. ಮರುದಿನದಿಂದ ಹುಡುಕಾಟ ಶುರುವಾಯಿತು. ಅವಳು ಬಸ್ ಸ್ಟ್ಯಾಂಡಿನಲ್ಲಿ ಅವನ ಗಾಡಿ ಹತ್ತುವಳು, ಸಂಜೆ ಅಲ್ಲೇ ಇಳಿಯುವಳು. ಮುನವಳ್ಳಿ, ಕಿತ್ತೂರು, ರಾಮದುರ್ಗ. ಗ್ಯಾರೇಜು ಕಂಡಲ್ಲೆಲ್ಲ ಮಾಂತೇಶ ತಾನೇ ಒಳಗೆ ಹೋಗಿ ಕೇಳುವನು, ತಲೆ ಅಲ್ಲಾಡಿಸುತ್ತ ಹೊರಗೆ ಬರುವನು. ಚನ್ನವ್ವ ಮುಂದಿನ ಸೀಟಿನಲ್ಲಿ ಕುಳಿತು ರಸ್ತೆ ನೋಡುವಳು. ಆ ಎತ್ತರದಿಂದ ಸೈಕಲ್ಲಿನವರು ನೊಣದಷ್ಟು ಕಾಣುತ್ತಿದ್ದರು. ಅದಕ್ಕೇ ಇವರು ಹೀಗೆ ಹೊಡೆದುಕೊಂಡು ಹೋಗುತ್ತಾರೆ ಎಂದುಕೊಂಡಳು.

ರಾಮದುರ್ಗದ ಬಜಾರಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕನೊಬ್ಬ ಸೈಕಲ್ ಅಡ್ಡ ತಂದ. ಮಾಂತೇಶ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

"ಹಾರ್ನ್ ಹೊಡದ್ರ ಹಾರಿ ಹೋಗ್ಲೇನಲೇ? ರೆಕ್ಕಿ ಅದಾವೇನು ನನಗ?" ಮುದುಕ ಹ್ಯಾಂಡಲ್ ಬಿಟ್ಟು ಕೈ ಎತ್ತಿ ಕೂಗಿದ.

"ಸಾಯಾಕ ನನ್ನ ಗಾಡೀನ ಬೇಕಾಗಿತ್ತೇನು ಅಜ್ಜಾ?"

"ನಾ ಸತ್ರ ನಿನ್ನ ಗಾಡಿಗೆ ಮೈಲಿಗಿ ಆದೀತು, ಹೋಗಲೇ!"

ಮಾಂತೇಶ ಹಲ್ಲು ಕಡಿಯುತ್ತ ಗೇರ್ ಹಾಕಿದ. "ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ತಪ್ಪು ಎರಡೂ ಕಡೆ ಇರ್ತೈತಿ. ಹುಲ್ಲಿನ ಹೊರಿ ಅಡ್ಡ ಕಟ್ಗೊಂಡು ಅರ್ಧಾ ರಸ್ತೆ ಹಿಡದ್ರ, ಗಾಡಿನ್ಯಾವ ಎಲ್ಲಿ ಹೋಗಬೇಕು ಹೇಳ್ರಿ?"

ಚನ್ನವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು.    ಸವದತ್ತಿಯಲ್ಲಿ ಇಳಿಯುವಾಗ ಅಂದಳು: "ಬೈಲಹೊಂಗಲ ಒಂದು ಉಳೀತಲ್ಲ ಮಾಂತೇಶ."

"ಅಲ್ಲೇನೈತ್ರಿ? ಮೊನ್ನೆ ನಾನ ಕೇಳಿ ಬಂದೇನಿ."

ಮರುದಿನ ಅವಳು ಒಬ್ಬಳೇ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋದಳು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಾಂತೇಶ ಎದುರಾದ.

"ಹೇಳದ ಹೋದ್ರಲ್ಲ ಅಕ್ಕಾರ. ಏನರ ಗೊತ್ತಾತೇನ್ರಿ?"

"ಗ್ಯಾರೇಜಿನ್ಯಾವ ಚಲೋ ಮನಷ್ಯಾ. ಚಾ ಕುಡಿಸಿ ಕಳಿಸಿದ."

"ನಾ ಹೇಳಿದ್ದಿಲ್ಲೇನು, ಸುಮ್ನ ತಿರಗೂದು ಅಂತ? ಪರ ಜಿಲ್ಲಾದ ಗಾಡಿ ಇರಬೇಕದು. ಯಲ್ಲಮ್ಮನ ಮ್ಯಾಲೆ ಬಿಟ್ಟಬಿಡ್ರಿ."

"ಬಿಟ್ಟೇನಿ," ಅಂದಳು ಚನ್ನವ್ವ. ಮನೆಗೆ ಹೋಗುವ ಬಸ್ಸು ಹಾರ್ನ್ ಹಾಕುತ್ತಿದ್ದರೂ ಅವಳು ಪೇಟೆಯ ಕಡೆಗೇ ನಡೆದಳು.

ಮಾರನೆಯ ಮಧ್ಯಾಹ್ನ ಮಾಂತೇಶ ಮೊದಲ ಸಲ ಹೂಲಿಯ ಮನೆಗೆ ಬಂದ. ಕೈಯಲ್ಲಿ ಸೇಬಿನ ಚೀಲ. ಪಡಸಾಲೆಯ ಮಂಚದ ಮೇಲೆ ಸಪ್ನಾ, ತೊಡೆಯ ತನಕ ಪ್ಲಾಸ್ಟರು, ಎದೆಯ ಮೇಲೆ ಗಣಿತದ ಪುಸ್ತಕ. ಅವನು ನೋಡಿ ಕಣ್ಣು ಕೆಳಗೆ ಹಾಕಿದ.

"ಪರೀಕ್ಷಾಕ್ಕ ನಾನ ಗಾಡಿ ತರ್ತೇನಿ ತಂಗೀ. ದಿನಾ ಕರ್ಕೊಂಡ್ ಹೋಗಿ ಕರ್ಕೊಂಡ್ ಬರ್ತೇನಿ."

ಸಪ್ನಾ ಗೋಡೆಯ ಕಡೆ ಮುಖ ಹೊರಳಿಸಿದಳು. ಚನ್ನವ್ವ ಹೊಸ್ತಿಲಲ್ಲಿ ನಿಂತೇ ಇದ್ದಳು. ಪಕ್ಕದ ಮನೆಯ ಕೆಂಚವ್ವನಿಗೆ ತಡೆಯಲಾಗಲಿಲ್ಲ.

"ಏನ ಚನ್ನವ್ವಾ, ನಿನ್ನ ಸಲುವಾಗಿ ಇಷ್ಟೆಲ್ಲಾ ಓಡ್ಯಾಡಿದ ಮನಷ್ಯಾಗ ಕುಂದ್ರು ಅನ್ನೂ ಒಂದು ಮಾತಿಲ್ಲ? ಸಿಟ್ಟು ಗುದ್ದಿದಾವನ ಮ್ಯಾಲೆ ಇರ್ಲಿ, ಮನಿಗೆ ಬಂದಾವನ ಮ್ಯಾಲೆ ಯಾಕ?"

"ಇರ್ಲಿ ಬಿಡ್ರಿ ಅಜ್ಜಿ, ಅಕ್ಕಾರಿಗೆ ತ್ರಾಸ ಆಗೇತಿ," ಮಾಂತೇಶ ಬೆವರು ಒರೆಸಿಕೊಂಡ. "ಬಿಸಲಾಗ ಬಂದೇನಿ. ಒಂದು ಗುಟುಕು ನೀರು ಕೊಡ್ರಿ ಅಕ್ಕಾರ."

ಕೆಂಚವ್ವ ಗೊಣಗುತ್ತ ಒಳಗೆ ಹೋಗಿ ತಾನೇ ತಂಬಿಗೆ ತುಂಬಿ ತಂದಳು. ಚನ್ನವ್ವ ನಡುವೆ ಬಂದು ತಂಬಿಗೆಯ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಕೊಡೂದಿಲ್ಲ. ಹುಲ್ಲಿನ ಹೊರಿ ಮಾತು ನಾ ನಿನಗ ಹೇಳೇ ಇದ್ದಿಲ್ಲ, ದೀಪದ ಗಾಜು ಯಾವತ್ತು ಹಾಕಿಸಿದಿ ಅಂತ ಬೈಲಹೊಂಗಲದ ಗ್ಯಾರೇಜಿನ್ಯಾವ ಹೇಳ್ಯಾನ. ಈ ಮನಿ ನೀರು ಕುಡದಾವನ ಮ್ಯಾಲೆ ನಾವು ಫಿರ್ಯಾದಿ ಮಾಡೂದಿಲ್ಲ. ನಿನ್ನ ಮ್ಯಾಲೆ ನಾ ನಿನ್ನೆನ ಠಾಣ್ಯಾಗ ಬರಸಿ ಬಂದೇನಿ."