ಹಿಂಬಾಗಿಲು ಎಂಬ ಪದದ ಅರ್ಥ

ಊರಿನ ಕುಡಿಯುವ ನೀರನ್ನು ಕಾಯುತ್ತಿದ್ದದ್ದು ಒಂದು ಯಂತ್ರ. ಏನು ಮಾಡುವ ಮೊದಲೂ ಅದು, ಯಾವುದು ಅಪಾಯ ಯಾವುದಲ್ಲ ಎಂದು ಅರ್ಥ ಹೇಳುವ ಭದ್ರತಾ ನಿಘಂಟು ನೋಡುತ್ತಿತ್ತು. ಅಂದು ಬೆಳಿಗ್ಗೆ ಪರದೆ ನೋಡಿದ ಆಪರೇಟರ್ ಜುಬೇದಾಗೆ ಅನುಮಾನ ಬಂತು.

“ಕಂಪ್ಯೂಟರಿನ ಹಿಂಬಾಗಿಲು ಯಾಕೆ ತೆರೆದಿದ್ದೀಯ? ಕಳ್ಳರು ನುಗ್ಗೋ ದಾರಿ ಅಲ್ವಾ ಅದು?”

“ಅಲ್ಲ ಮೇಡಂ. ‘ಆಪ್ತರು ಬರುವ ದಾರಿ, ತೆರೆದಿಡಬೇಕು’ ಅಂತ ನಿಘಂಟಿನಲ್ಲಿದೆ.”

“ನಿನ್ನೆ ಏನಂತಿತ್ತು?”

“ನಿನ್ನೆಯ ಅರ್ಥ ನಾನು ಇಟ್ಟುಕೊಳ್ಳುವುದಿಲ್ಲ.”

ಯಾರಾದರೂ ಒಳಗೆ ನುಗ್ಗಿ ನೀರಿಗೆ ಮಿತಿಮೀರಿ ಕ್ಲೋರಿನ್ ಸುರಿದರೆ? ಜುಬೇದಾ ಯಂತ್ರದ ವೈರ್ ಕಿತ್ತು, ಕೈಯಿಂದಲೇ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದಳು; ನಿಘಂಟನ್ನು ಯಾರೋ ತಿದ್ದಿದಂತಿದೆ ಎಂದು ಕಚೇರಿಗೆ ತಿಳಿಸಿದಳು.

ತುಸು ಹೊತ್ತಿಗೆ ಸಾಹೇಬರ ಫೋನ್ ಬಂತು. “ಊರಿಗೆಲ್ಲ ನೀರಿಲ್ಲ ಕಣಮ್ಮ. ನಿಘಂಟು ಸರಿಯಾಗೇ ಇದೆಯಂತೆ, ವೈರ್ ಹಾಕು.”

“ಯಾರು ನೋಡಿ ಹೇಳಿದ್ದು ಸಾರ್?”

“ಇಲ್ಲಿರೋ ನಮ್ಮ ಯಂತ್ರ, ಅದೇ ನಿಘಂಟು ನೋಡಿ.”

ಜುಬೇದಾ ವೈರ್ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.